ಕಾರ್ಡು ಹಿಡಿದವಳು

ಮುಂಡರಗಿಯ ಒಂದು ಹತ್ತಿ ಗಿರಣಿಯಲ್ಲಿ ಅಂಡಗಿ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲ, ತೂಗುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗಿನ ಒಂದು ಸುಗ್ಗಿಯಲ್ಲಿ ಅವರ ಮೇಲೆ ಮಾತು ಬಂತು. ತೂಕದ ಹಲಗೆಯ ಅಂಚಿನ ಕೆಳಗೆ ಕಾಲಿನ ಹೆಬ್ಬೆರಳು ತೂರಿಸಿ, ರೈತರ ಅಂಡಗಿಯ ಭಾರ ಕಡಿಮೆ ತೋರಿಸುತ್ತಾರೆ ಎಂದು. ಆ ಮಾತು ಸುಳ್ಳು. ಅದು ಸುಳ್ಳೆಂದು ಮೊದಲು ಚಾಚಾ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸ್ವಲ್ಪ ದಿನ ಹೋದ ಮೇಲೆ ಚಾಚಾ ಅವರಿಗೇ ಗೊತ್ತಿಲ್ಲದಂತಾಯಿತು. ಉಳಿದವಳು ನಾನೊಬ್ಬಳು.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ನಮ್ಮದು ಬೆಟಗೇರಿಯ ನೇಕಾರರ ಮನೆ. ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋಗಿ, ಬಹಳ ದಿನ ಬಾಳದೆ ತವರಿಗೆ ತಿರುಗಿ ಬಂದವಳು. ಅದರ ಕಥೆ ಇಲ್ಲಿ ಬೇಡ. ಅವ್ವ, ಅಪ್ಪ ತೀರಿಕೊಂಡ ಮೇಲೆ ಮಗ್ಗ ನಿಂತಿತು. ಮನೆಯಲ್ಲಿ ನಾನು ಮತ್ತು ನನ್ನ ತಮ್ಮ ಇಬ್ಬರೇ. ಅವನು ಹುಬ್ಬಳ್ಳಿಯಲ್ಲಿ ರೇಡಿಯೊ ರಿಪೇರಿ ಕಲಿತು, ಅಲ್ಲಿಂದ ಮುಂದೆ ಕಂಪ್ಯೂಟರಿನ ಕೆಲಸ ಹಿಡಿದಿದ್ದ. ಆಗ ನಮ್ಮ ಕಡೆ ಕಂಪ್ಯೂಟರು ಇದ್ದದ್ದು ಅಲ್ಲೊಂದು ಇಲ್ಲೊಂದು. ಶಿರಹಟ್ಟಿಯ ಒಂದು ಆಫೀಸಿನಲ್ಲಿ ಒಂದು ಪ್ರಿಂಟರು, ಲಕ್ಷ್ಮೇಶ್ವರದ ಒಬ್ಬ ವ್ಯಾಪಾರಿಯ ಹತ್ತಿರ ಒಂದು ಕಂಪ್ಯೂಟರು, ಮುಂಡರಗಿಯ ಗಿರಣಿಯಲ್ಲಿ ತೂಕದ ಯಂತ್ರ. ಆ ಯಂತ್ರದಿಂದ ಒಂದು ತಂತಿ ಪಕ್ಕದ ಕೋಣೆಯ ಕಂಪ್ಯೂಟರಿಗೆ ಹೋಗುತ್ತಿತ್ತು. ಅಂಡಗಿ ಹಲಗೆಯ ಮೇಲೆ ಕುಂತರೆ ಒಳಗೆ ಪರದೆಯ ಮೇಲೆ ಅಂಕಿ ಬೀಳುತ್ತಿತ್ತು. ತಮ್ಮ ಬಸ್ಸಿನಲ್ಲಿ ಊರೂರು ಸುತ್ತಿ ಇವನ್ನೆಲ್ಲ ನೋಡಿಕೊಳ್ಳುತ್ತಿದ್ದ.

ಅವನು ನನಗೆ ತಿಳಿಸಿ ಹೇಳಿದ್ದ. ನಾವು ಆಮೇಲೆ ಕಂಪ್ಯೂಟರಿಗೆ ಹಾಕುವ ಪ್ರೋಗ್ರಾಂ ಬೇರೆ, ಯಂತ್ರ ತಯಾರಾಗುವಾಗಲೇ ಅದರ ಹೊಟ್ಟೆಯಲ್ಲಿ ಬರೆದಿಡುವ ಪ್ರೋಗ್ರಾಂ ಬೇರೆ. ಅಕ್ಷರದ ಆಕಾರ ಹೇಗಿರಬೇಕೆಂದು ಪ್ರಿಂಟರಿಗೆ ತಿಳಿಯುವುದು, ಭಾರವನ್ನು ಅಂಕಿ ಮಾಡಲು ತೂಕದ ಯಂತ್ರಕ್ಕೆ ಬರುವುದು ಆ ಹೊಟ್ಟೆಯ ಬರಹದಿಂದ. ಅದು ಇರುವುದು ಚಿಪ್ ಎನ್ನುವ ಒಂದು ಕರಿಯ ಬಿಲ್ಲೆಯಲ್ಲಿ. ಎರಡೂ ಬದಿಗೆ ಜರಿಹುಳದ ಹಾಗೆ ಕಾಲು, ಬೆನ್ನ ಮೇಲೆ ಕಿರುಬೆರಳ ಉಗುರಿನಷ್ಟು ಗಾಜಿನ ಕಿಂಡಿ, ಕಿಂಡಿಯ ಮೇಲೆ ಕಾಗದದ ಚೀಟಿ.

ವರ್ಷಕ್ಕೊಮ್ಮೆ, ಸುಗ್ಗಿಗೆ ಮೊದಲು, ಅವನು ಆ ಚಿಪ್‌ಗಳನ್ನು ಬಿಚ್ಚಿ ಮನೆಗೆ ತಂದು ಪರೀಕ್ಷೆ ಮಾಡುತ್ತಿದ್ದ. ಒಳಗಿನ ಬರಹ ಕಂಪನಿಯವರು ಬರೆದ ಹಾಗೇ ಇದೆಯೋ, ಕೆಟ್ಟಿದೆಯೋ, ಯಾರಾದರೂ ಬದಲಿಸಿದ್ದಾರೋ ನೋಡಬೇಕು. ಅದಕ್ಕೊಂದು ಹಳೆಯ ಪೆಟ್ಟಿಗೆಯನ್ನು ಹುಬ್ಬಳ್ಳಿಯಿಂದ ತಂದಿದ್ದ. ಚಿಪ್ ಅದರಲ್ಲಿ ಕೂರಿಸಿ ಗುಂಡಿ ಒತ್ತಿದರೆ ಪೆಟ್ಟಿಗೆ ಒಳಗಿರುವುದನ್ನೆಲ್ಲ ಕೂಡಿಸಿ, ಕೊನೆಗೆ ಕೆಂಪು ದೀಪದಲ್ಲಿ ನಾಲ್ಕು ಗುರುತು ತೋರಿಸುತ್ತಿತ್ತು. ಕೆಲವು ಅಂಕಿ, ಕೆಲವು ಇಂಗ್ಲಿಷ್ ಅಕ್ಷರ. ಕಂಪನಿಯವರು ಪ್ರತಿ ಚಿಪ್ಪಿಗೆ ಆ ನಾಲ್ಕು ಗುರುತು ಬರೆದ ಒಂದು ಕಾರ್ಡು ಕೊಟ್ಟಿರುತ್ತಿದ್ದರು. ಎರಡೂ ಹೊಂದಿದರೆ ಚಿಪ್ ಸರಿ. ಒಳಗೆ ಒಂದು ಚುಕ್ಕೆ ಬದಲಾದರೂ ಹೊರಗೆ ಗುರುತು ಬದಲಾಗುತ್ತದೆ.

ಪೆಟ್ಟಿಗೆ ಓದುವವನಿಗೆ ಕಾರ್ಡು ಕಾಣಬಾರದು ಎಂಬುದು ತಮ್ಮನ ಕಟ್ಟುನಿಟ್ಟು. ಉತ್ತರ ಮುಂಚೆ ಕಂಡರೆ ಕಣ್ಣು ತನಗೆ ಬೇಕಾದ್ದನ್ನೇ ಓದುತ್ತದೆ ಎನ್ನುತ್ತಿದ್ದ. ಅವನು ಇದನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಹಾಸಿನ ಎಳೆಗಳನ್ನು ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ಪೋಣಿಸುವಾಗ ಆಚೆ ಕುಳಿತ ಅವ್ವ ಒಂದೊಂದೇ ಎಳೆ ಕೊಡುತ್ತಿದ್ದಳು, ಈಚೆ ಕುಳಿತ ಅಪ್ಪ ಎಳೆದುಕೊಳ್ಳುತ್ತಿದ್ದ. ಒಬ್ಬರ ಕೈ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಮಾತು ಮಾತ್ರ. ‘ಕೊಟ್ಟೆ’, ‘ತಗೊಂಡೆ’. ಒಂದು ಎಳೆ ತಪ್ಪಿದರೆ ಸೀರೆಯ ಉದ್ದಕ್ಕೂ ಗೀರು ಓಡುತ್ತದೆ. ಹಾಗೆಯೇ ತಮ್ಮ ಪೆಟ್ಟಿಗೆಯ ಮುಂದೆ ಕುಳಿತು ಒಂದೊಂದೇ ಗುರುತು ಕೂಗುತ್ತಿದ್ದ, ನಾನು ಅವನ ಬೆನ್ನಿಗೆ ಬೆನ್ನು ಮಾಡಿ ಕುಳಿತು, ಕಾರ್ಡು ನೋಡಿ ‘ಹೌದು’ ಎನ್ನುತ್ತಿದ್ದೆ. ಹೊಂದದಿದ್ದರೆ ‘ನಿಲ್ಲು’ ಎನ್ನಬೇಕು. ಅದಕ್ಕೆ ನನಗೆ ಬೇಕಾದ ಇಂಗ್ಲಿಷ್ ಆರೇ ಅಕ್ಷರ, ಎ ಇಂದ ಎಫ್ ತನಕ. ಅದರಿಂದ ಮುಂದೆ ಈ ಲೆಕ್ಕದಲ್ಲಿ ಅಕ್ಷರವೇ ಇಲ್ಲ. ಒಂದು ಮಧ್ಯಾಹ್ನದಲ್ಲಿ ಕಲಿತುಬಿಟ್ಟೆ.

ಗಂಡನ ಮನೆಯಿಂದ ತಿರುಗಿ ಬಂದವಳಿಗೆ ಓಣಿಯಲ್ಲಿ ಏನು ಬೆಲೆ ಇರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾರ್ಡು ಹಿಡಿದಾಗ ಮಾತ್ರ ನಾನೂ ಒಂದು ಮನುಷ್ಯಜೀವ ಎನ್ನಿಸುತ್ತಿತ್ತು. ತಮ್ಮ ಹೋದಲ್ಲೆಲ್ಲ ಹೇಳುತ್ತಿದ್ದ, ಕಾರ್ಡು ಹಿಡಿಯುವವಳು ನಮ್ಮ ಅಕ್ಕ, ಅವಳ ಕಣ್ಣು ತಪ್ಪುವುದಿಲ್ಲ ಎಂದು. ಮುಂಡರಗಿಯ ಗಿರಣಿಯ ಸಾವ್ಕಾರರೂ ಒಮ್ಮೆ ನಮ್ಮ ಮನೆಗೆ ಬಂದಾಗ ‘ಈಕಿನೇನು ಆ ಕಾರ್ಡಿನ ಅಕ್ಕ’ ಎಂದಿದ್ದರು. ಆ ಮಾತನ್ನು ನಾನು ಎಷ್ಟು ದಿನ ಮನಸ್ಸಿನಲ್ಲಿ ಸವರಿಕೊಂಡು ಕುಳಿತಿದ್ದೆನೋ.

ಆ ವರ್ಷ ನವರಾತ್ರಿಗೆ ಮುಂಚೆಯೇ ಮೂರೂ ಊರಿನ ಚಿಪ್ ಮನೆಗೆ ಬಂದಿದ್ದವು. ಅಷ್ಟರಲ್ಲಿ ತಮ್ಮನಿಗೆ ಹುಬ್ಬಳ್ಳಿಯಿಂದ ಕರೆ ಬಂತು. ದಸರೆಯ ಬನ್ನಿ ಕೊಡುವ ಹೊತ್ತಿಗೆ ಬರುತ್ತೇನೆ, ಬಂದು ಓದೋಣ ಎಂದು ಹೋದ.

ನಮ್ಮ ಮನೆಯ ಪದ್ಧತಿಯಲ್ಲಿ ನವರಾತ್ರಿಯ ಮೊದಲ ದಿನ ಘಟ ಹಾಕಿದಾಗಲೇ ಆಯುಧಗಳು ಘಟದ ಮುಂದೆ ಕೂರಬೇಕು. ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಮೊದಲು ಲಾಳಿ, ಹಣಿಗೆ ಕೂರುತ್ತಿದ್ದವು. ಅವುಗಳ ಮೇಲೆ ಹಳೆಯ ಗಂಜಿ, ಅಂಟು, ನೂಲಿನ ಚೂರು ಏನೂ ಉಳಿಯದ ಹಾಗೆ ತಿಕ್ಕಿ ತೊಳೆಯಬೇಕು. ಹಳೆಯ ವರ್ಷದ ಕೊಳೆ ಹೊತ್ತ ಆಯುಧವನ್ನು ದೇವರ ಮುಂದೆ ಇಡಬಾರದು ಎಂದು ಅವ್ವ ಕಲಿಸಿದ್ದಳು. ಈಗ ನಮ್ಮ ಆಯುಧ ಬೇರೆ. ತಮ್ಮನ ಬೆಸುಗೆಯ ಕಡ್ಡಿ, ಸ್ಕ್ರೂ ಡ್ರೈವರು, ಆ ಪೆಟ್ಟಿಗೆ. ಜೊತೆಗೆ ಚಿಪ್‌ಗಳನ್ನೂ ಇಟ್ಟೆ, ಅನ್ನ ಕೊಡುವುದು ಅವೇ ತಾನೇ ಎಂದು. ಅವುಗಳ ಮೇಲಿನ ಚೀಟಿ ಎಣ್ಣೆಗೈಯಿಂದ ಕಪ್ಪಾಗಿತ್ತು, ಅಂಚಿಗೆ ಗೋಂದು ಕಕ್ಕಿಕೊಂಡು ದೂಳು ಹಿಡಿದಿತ್ತು. ಚೀಟಿಗಳನ್ನು ನೆನೆಸಿ ಕಿತ್ತೆ. ಕಿಂಡಿಯನ್ನು ಒರೆಸಿದೆ. ಒಳಗೆ ಬೆಳ್ಳಿಯ ಎಳೆಯಂಥದ್ದು ಹೊಳೆಯಿತು. ಚೆಂದ ಕಂಡಿತು. ವಿಭೂತಿ ಹಚ್ಚಿ ಮಣೆಯ ಮೇಲೆ ಇಟ್ಟೆ.

ಘಟದ ಮಣೆ ಇಡುವುದು ಪಡಸಾಲೆಯ ಬೆಳಕಿಂಡಿಯ ಕೆಳಗೆ. ಘಟದ ಸುತ್ತ ಹಾಕಿದ ಕಾಳು ಮೊಳೆಯಬೇಕಾದರೆ ಬಿಸಿಲು ಬೇಕಲ್ಲ. ನಮ್ಮ ಮಣ್ಣಿನ ಚಾವಣಿಯ ಮೇಲ್ಮುದ್ದೆ ಮನೆಗಳಲ್ಲಿ ಬೆಳಕಿಂಡಿಗೆ ಗಾಜು ಇರುತ್ತಿರಲಿಲ್ಲ. ಹಗಲು ತೆರೆದಿಡುವುದು, ಮಳೆ ಬಂದರೆ ಮುಚ್ಚುವುದು. ಆ ವರ್ಷ ಮಳೆ ಬರಲಿಲ್ಲ. ದಿನಾ ಬಿಸಿಲಿನ ಕೋಲು ಇಳಿದು ಮಣೆಯ ಮೇಲೆ ಸರಿಯುತ್ತಿತ್ತು. ಮುಂಡರಗಿಯ ಚಿಪ್ ಮಣೆಯ ನಡುವೆ ಇತ್ತು, ಉಳಿದವು ಘಟದ ನೆರಳಿನಲ್ಲಿ.

ತಮ್ಮ ನನಗೆ ಹೇಳಿರಲಿಲ್ಲ ಎಂದಲ್ಲ. ‘ಚೀಟಿ ಕೀಳಬ್ಯಾಡ ಅಕ್ಕಾ, ಬಿಸಲ ಕಂಡರ ಅದು ಓದಿದ್ದು ಮರೀತೈತಿ’ ಎಂದಿದ್ದ. ನಾಲ್ಕನೆ ಇಯತ್ತೆಯ ಅಕ್ಕನಿಗೆ ತಿಳಿಯಲಿ ಎಂದು ಮಕ್ಕಳ ಕಥೆಯ ಹಾಗೆ ಹೇಳುತ್ತಿದ್ದಾನೆ, ದೂಳು ಹೋಗಬಾರದು ಎನ್ನುವುದಕ್ಕೆ ಹೀಗನ್ನುತ್ತಾನೆ ಎಂದುಕೊಂಡಿದ್ದೆ. ಚೀಟಿಗಳನ್ನು ಒಣಗಿಸಿ ಎತ್ತಿಟ್ಟುಕೊಂಡಿದ್ದೆ. ಘಟ ಎತ್ತಿದ ಮೇಲೆ ಅಂಬಲಿಯ ಗಂಜಿ ಹಚ್ಚಿ ಮತ್ತೆ ಅಂಟಿಸಿದೆ.

ತಮ್ಮ ಬಂದ. ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎಂದು ನನ್ನ ಕಾಲಿಗೆ ಬಿದ್ದ. ಮರುದಿನ ಬೆಳಿಗ್ಗೆ ಓದಲು ಕುಳಿತೆವು. ಚೀಟಿ ಯಾಕೆ ಸೊಟ್ಟಗಾಗಿದೆ ಎಂದು ಕೇಳಿದ. ವಿಭೂತಿ ಒರೆಸಿದೆ, ಅದಕ್ಕೆ ಎಂದೆ. ಲಕ್ಷ್ಮೇಶ್ವರದ್ದು ಹೊಂದಿತು. ಶಿರಹಟ್ಟಿಯ ಪ್ರಿಂಟರಿನದು ಹೊಂದಿತು. ಆಮೇಲೆ ಮುಂಡರಗಿಯದು.

‘ಒಂಬತ್ತು’ ಎಂದ. ಹೌದು ಎಂದೆ. ‘ಸಿ’ ಎಂದ. ಹೌದು ಎಂದೆ. ‘ಎಂಟು’ ಎಂದ.

ಕಾರ್ಡಿನಲ್ಲಿ ಇದ್ದದ್ದು ನಾಲ್ಕು.

ಬಿಸಿಲಿನ ಕೋಲು ಮಣೆಯ ನಡುವೆ ಬಿದ್ದದ್ದು ಆಗಲೇ ಕಣ್ಣಿಗೆ ಕಟ್ಟಿತು. ಅವನು ಹೇಳಿದ್ದು ಮಕ್ಕಳ ಕಥೆ ಆಗಿರಲಿಲ್ಲ. ನಿಲ್ಲು ಎಂದರೆ ಯಾಕೆ ಎಂದು ಕೇಳುತ್ತಾನೆ, ಚೀಟಿ ಕಿತ್ತದ್ದು ಗೊತ್ತಾಗುತ್ತದೆ. ಬೈಯುವವನಲ್ಲ ಅವನು. ಆದರೆ ಮತ್ತೆಂದೂ ನನ್ನ ಕೈಗೆ ಕಾರ್ಡು ಕೊಡುವುದಿಲ್ಲ. ಅಷ್ಟು ಮಾತ್ರ ಹೊಳೆಯಿತು. ಮುಂಡರಗಿ ಹೊಳೆಯಲಿಲ್ಲ, ಹತ್ತಿ ಹೊಳೆಯಲಿಲ್ಲ, ಆ ಹಲಗೆಯ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ ಎಂಬುದು ಹೊಳೆಯಲಿಲ್ಲ. ಹೌದು ಎಂದೆ. ‘ಎರಡು’ ಎಂದ. ಅದು ಹೊಂದುತ್ತಿತ್ತು. ಹೌದು ಎಂದೆ. ಅವನು ಪೆಟ್ಟಿಗೆ ಆರಿಸಿ, ಚಹಾ ಮಾಡು ಎಂದ.

ಸುಗ್ಗಿ ಹತ್ತಿದ ಮೇಲೆ ಸುದ್ದಿ ಬಂತು. ಡಂಬಳದ ಕಡೆಯ ರೈತರು, ತಮ್ಮ ಅಂಡಗಿ ಬೇರೆ ಕಡೆ ತೂಗಿದರೆ ಹೆಚ್ಚು ಬರುತ್ತದೆ, ಈ ಗಿರಣಿಯಲ್ಲಿ ಕಡಿಮೆ ಬರುತ್ತದೆ ಎಂದು ಜಗಳ ತೆಗೆದಿದ್ದರು. ಸಣ್ಣ ಗಂಟು ತೂಗಿದರೆ ಸರಿ ಬರುತ್ತಿತ್ತು, ತುಂಬಿದ ಅಂಡಗಿಗೆ ಮಾತ್ರ ಹೀಗೆ. ಸಾವ್ಕಾರರು ತಮ್ಮನನ್ನು ಕರೆಸಿದರು. ಗಿರಣಿಯಲ್ಲಿದ್ದ ತೂಕದ ಕಲ್ಲುಗಳನ್ನೆಲ್ಲ ಹೇರಿ ನೋಡಿದ, ಅಂಕಿ ಸರಿಯಾಗಿ ಬಂತು. ಆದರೆ ಇದ್ದ ಕಲ್ಲೆಲ್ಲ ಸೇರಿಸಿದರೂ ಒಂದು ತುಂಬಿದ ಅಂಡಗಿಯ ಭಾರ ಆಗುತ್ತಿರಲಿಲ್ಲ. ಯಂತ್ರ ಸರಿ ಎಂದ ಮೇಲೆ ಎಲ್ಲರ ಕಣ್ಣು ಹಲಗೆಯ ಪಕ್ಕ ನಿಂತವರ ಕಾಲಿನ ಕಡೆ ಹೋಯಿತು. ಸಾಲಿನಲ್ಲಿ ನಿಂತ ಒಬ್ಬ ಹುಡುಗ ಕೂಗಿದನಂತೆ: ‘ಚಾಚಾ, ಇವತ್ತರ ಕಾಲ ಮನ್ಯಾಗ ಇಟ್ಟ ಬರಬಾರದೇನ?’ ಎಲ್ಲರೂ ನಕ್ಕರಂತೆ. ತಮ್ಮ ಇದನ್ನು ಊಟದ ಹೊತ್ತಿಗೆ ಹೇಳಿದ. ಅವನು ನಗಲಿಲ್ಲ.

ಚಿಪ್ಪನ್ನು ಬಿಚ್ಚಿ ತಂದಿದ್ದ. ಚಾಚಾ ಅವರೇ ಅವನ ಕೈ ಹಿಡಿದು ಮತ್ತೊಮ್ಮೆ ಓದಿಸು ಎಂದಿದ್ದರಂತೆ. ಮತ್ತೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತೆವು. ಈ ಸಲ ನನಗೆ ಎಲ್ಲ ಗೊತ್ತಿತ್ತು. ಚಾಚಾ ಎಂಬುವರು ಇದ್ದಾರೆ, ಅವರ ಮಾನ ನನ್ನ ಕೈಯ ಕಾರ್ಡಿನಲ್ಲಿದೆ. ‘ಎಂಟು’ ಎಂದು ತಮ್ಮ ಕೂಗಿದಾಗ ಹೌದು ಎಂದೆ. ಮೊದಲ ಸಲ ಹೆದರಿ ಹೇಳಿದ್ದೆ. ಎರಡನೆಯ ಸಲ ಮೊದಲಿನದನ್ನು ಕಾಯಲು ಹೇಳಿದೆ. ಅದಕ್ಕೆ ನನ್ನಲ್ಲಿ ಇವತ್ತಿಗೂ ಸಮಜಾಯಿಷಿ ಇಲ್ಲ.

ಸಾವ್ಕಾರರು ಚಾಚಾ ಅವರನ್ನು ತೂಕದಿಂದ ತೆಗೆದು, ಅಂಗಳ ಗುಡಿಸಲು ಹಾಕಿದರು. ಹಲಗೆಯ ಹತ್ತಿರ ಬೇರೆಯವನು ನಿಂತ. ಅವನು ನಿಂತರೂ ತೂಕ ಹಾಗೇ ಬರುತ್ತಿತ್ತು. ಆದರೆ ಸಾವ್ಕಾರರು ಕಾಲು ಕೊಡುವವನನ್ನು ತೆಗೆದಿದ್ದೇನೆ ಎಂದು ಸಾರಿದ್ದರಿಂದ ತಕರಾರು ತಣ್ಣಗಾಗಿತ್ತು.

ಅದಾದ ಕೆಲವು ದಿನಕ್ಕೆ ಚಾಚಾ ನಮ್ಮ ಮನೆಗೆ ಬಂದರು. ತಮ್ಮ ಶಿರಹಟ್ಟಿಗೆ ಹೋಗಿದ್ದ. ಕೆಂಪು ರುಮಾಲು, ತೆಳ್ಳನೆಯ ಆಳು. ಒಳಗೆ ಬರ್ರಿ ಎಂದರೂ ಕಟ್ಟೆಯ ಮೇಲೆಯೇ ಕುಳಿತರು. ತಮ್ಮ ಇಲ್ಲ ಎಂದೆ. ಅವನ ಹತ್ತಿರ ಬಂದಿಲ್ಲ ಎಂದರು.

‘ಕಾರ್ಡ ಹಿಡಿದಾಕಿ ನೀ ಅಂತಲ್ಲ, ತಂಗೆವ್ವಾ. ನೀ ಖುದ್ದ ನೋಡಿದಿ?’

‘ನೋಡೀನಿ ಚಾಚಾ.’

‘ಎರಡೂ ಒಂದ ಇದ್ದೂ?’

ಅಲ್ಲಿ ನಾವಿಬ್ಬರೇ ಇದ್ದೆವು. ಅಲ್ಲಿ ಹೇಳಬಹುದಿತ್ತು.

‘ಒಂದ ಇದ್ದೂ’ ಎಂದೆ.

ಅವರು ಚಪ್ಪಲಿ ಕಳಚಿದ ಬಲಗಾಲನ್ನು ಬಹಳ ಹೊತ್ತು ನೋಡಿದರು. ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿದರು, ಅದು ಹೇಳಿದ ಮಾತು ಕೇಳುತ್ತದೆಯೋ ಇಲ್ಲವೋ ಎಂಬಂತೆ.

‘ಹಂಗಾರ ಖರೆ ಇರಬೇಕು. ವಯಸ್ಸಾತು ನೋಡವ್ವಾ. ನಿಂತಲ್ಲೆ ಕಾಲ ಎಲ್ಲಿ ಹೋಗತೈತೋ, ನನಗ ತಿಳಿದಿರಾಕಿಲ್ಲ. ನಾ ಸುಮ್ಮನ ಯಂತ್ರಕ್ಕ ಬೈದೆ.’

ಚಹಾ ಕುಡಿದು, ಕಪ್ಪನ್ನು ತಾವೇ ತೊಳೆದಿಟ್ಟು ಹೋದರು. ಕದ್ದವನೆಂದು ಊರು ಅಂದಾಗ ಅವರು ಒಪ್ಪಿರಲಿಲ್ಲ. ನನ್ನ ಮಾತು ಕೇಳಿ ಒಪ್ಪಿದರು.

ಆ ಸುಗ್ಗಿ ಪೂರ್ತಿ ನಾನು ಸುಮ್ಮನಿದ್ದೆ. ಅಡುಗೆ ಮಾಡಿದೆ, ಕಸ ಬಳಿದೆ, ತಮ್ಮ ಬಂದರೆ ನೀಡಿದೆ. ಚಾಚಾ ಹೀಗೆ ಮಾಡಿಯಾರು ಅಂದುಕೊಂಡಿರಲಿಲ್ಲ ಎಂದು ಅವನು ಒಮ್ಮೆ ಮರುಗಿದಾಗಲೂ ರೊಟ್ಟಿ ಬಡಿಯುತ್ತಲೇ ಇದ್ದೆ. ಬೆಳಕಿಂಡಿಯನ್ನು ಹಗಲೂ ಮುಚ್ಚಿಡತೊಡಗಿದೆ. ಪಡಸಾಲೆ ಕತ್ತಲಾಗಿದೆಯಲ್ಲ ಎಂದು ತಮ್ಮ ಕೇಳಿದರೆ ದೂಳು ಬೀಳುತ್ತದೆ ಎಂದೆ.

ಹತ್ತಿ ಮುಗಿದು ಗಿರಣಿ ನಿಂತ ಮೇಲೆ, ಯುಗಾದಿಯ ಆಸುಪಾಸಿಗೆ, ಯಂತ್ರ ತೊಳೆದಿಡಲು ಹೋದವನು ಚಿಪ್ಪನ್ನು ಮತ್ತೆ ತಂದ. ಎತ್ತಿಡುವ ಮುಂಚೆ ಒಮ್ಮೆ ಓದಿಬಿಡೋಣ ಎಂದ. ಕುಳಿತೆವು. ಒಂಬತ್ತು, ಹೌದು. ಸಿ, ಹೌದು. ಎಂಟು.

ಕೇಳಿಸಲಿಲ್ಲವೇನೋ ಎಂದು ಅವನು ಮತ್ತೊಮ್ಮೆ ಕೂಗಿದ. ನಾನು ತಿರುಗಿ ಕುಳಿತು, ಕಾರ್ಡನ್ನು ಅವನ ಮುಖದ ಮುಂದೆ ಹಿಡಿದೆ. ನಮ್ಮ ಕಟ್ಟಳೆಯಲ್ಲಿ ಎಂದೂ ಮಾಡಬಾರದ್ದು ಅದು. ಅವನು ಕಾರ್ಡು ನೋಡಿದ, ಪೆಟ್ಟಿಗೆಯ ಕೆಂಪು ದೀಪ ನೋಡಿದ, ಮತ್ತೆ ಕಾರ್ಡು ನೋಡಿದ.

‘ಯಾವಾಗಿಂದ ಅಕ್ಕಾ?’

‘ಖಂಡೆ ಪೂಜಿಯಿಂದ.’

ಚೀಟಿಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಕೆಳಗೆ ಅಂಬಲಿಯ ಗಂಜಿ ಒಣಗಿತ್ತು. ಬೈಯಲಿಲ್ಲ. ‘ಚಾಚಾ ನಿನ್ನ ಕೇಳಿದ್ರಲ್ಲ’ ಎಂದ ಅಷ್ಟೇ. ಅವರು ಮನೆಗೆ ಬಂದದ್ದು ಅವನಿಗೆ ಹೇಗೋ ತಿಳಿದಿತ್ತು, ನಾನು ಹೇಳಿರಲಿಲ್ಲ.

ಮರುದಿನವೇ ಮುಂಡರಗಿಗೆ ಹೋಗಿ, ಅದೇ ಚಿಪ್ ಕೂರಿಸಿ, ಹಮಾಲರನ್ನು ಹಲಗೆಯ ಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿ ತೂಗಿದ. ಆಮೇಲೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದ. ಒಟ್ಟಿಗೆ ನಿಂತಾಗ ಬಂದ ಅಂಕಿ, ಒಬ್ಬೊಬ್ಬರನ್ನು ಕೂಡಿಸಿದ್ದಕ್ಕಿಂತ ಕಡಿಮೆ. ಬಿಸಿಲು ಅಳಿಸಿದ್ದು ದೊಡ್ಡ ಭಾರದ ಲೆಕ್ಕ ಇದ್ದ ಜಾಗವನ್ನು ಮಾತ್ರ. ಈ ಪರೀಕ್ಷೆಯನ್ನು ಸುಗ್ಗಿಯಲ್ಲೇ ಮಾಡಬಹುದಿತ್ತು ಎಂದು ಅವನು ಮನೆಗೆ ಬಂದು ಹೇಳಿದ. ಅಕ್ಕ ಹೌದು ಅಂದ ಮೇಲೆ ಬೇಕಾಗಿಲ್ಲ ಎಂದು ಬಿಟ್ಟಿದ್ದನಂತೆ.

ಸಾವ್ಕಾರರು ಹೊಸ ಚಿಪ್ ತರಿಸಲು ಒಪ್ಪಿದರು. ಮುಗಿದದ್ದನ್ನು ಈಗ ಎಬ್ಬಿಸಬೇಡ, ಮುಂದಿನ ಸುಗ್ಗಿಗೆ ನೋಡೋಣ ಎಂದರು. ಚಾಚಾ ಆಗಲೇ ಗಿರಣಿ ಬಿಟ್ಟಿದ್ದರು. ಕೊರ್ಲಹಳ್ಳಿಯಲ್ಲಿ ಮಗಳ ಮನೆ ಸೇರಿದ್ದಾರೆ ಎಂದು ಗೊತ್ತಾಯಿತು. ತಮ್ಮ ನನ್ನನ್ನು ಕರೆದುಕೊಂಡು ಹೋದ.

ಹೊಳೆಯ ದಂಡೆಯ ಉಸುಕಿನಲ್ಲಿ ಕಲ್ಲಂಗಡಿಯ ಬಳ್ಳಿ ಹಬ್ಬಿತ್ತು. ಚಾಚಾ ಅದನ್ನು ಕಾಯುತ್ತ ಕುಳಿತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಘಟದಿಂದ ಹಿಡಿದು ಕಟ್ಟೆಯ ಮೇಲೆ ಅವರಿಗೆ ಹೇಳಿದ ಸುಳ್ಳಿನವರೆಗೆ. ಮುಗಿದ ಮೇಲೆ ಚಾಚಾ, ಇಷ್ಟು ದಿನ ಮನೆಯಲ್ಲಿ ನಿಂತರೂ ಕಾಲು ನೋಡಿಕೊಂಡೇ ನಿಲ್ಲುತ್ತಿದ್ದೆ, ನಮಾಜಿಗೆ ನಿಂತಾಗಲೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು ಎಂದರು. ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

‘ಕಾಲ ಬಿಡವ್ವಾ. ನನಗ ಹೇಳಿದ್ರ ಏನ ಬಂತು? ನಾ ಒಬ್ಬನ ಅಂಡಗಿ ತಂದಿದ್ನೇನು? ಸಾಲಿನ್ಯಾಗ ನಿಂತು ನಕ್ಕವರಿಗೆ ಹೇಳು. ಸುಗ್ಗಿ ಹತ್ತಿದ ಮ್ಯಾಲ ಗಿರಣಿ ಮುಂದ ನಿಂತ ಹೇಳು. ಅಲ್ಲಿ ಹೋದದ್ದು ಅಲ್ಲೇ ಸಿಗಬೇಕು.’

ಹೇಳುತ್ತೇನೆ ಚಾಚಾ ಎಂದೆ. ಅದೂ ಒಂದು ಹೌದು.

ಸುಗ್ಗಿ ಬಂತು. ಹೊಸ ಚಿಪ್ ಕೂತಿತು. ನಡೆ ಅಕ್ಕಾ, ನಾನೂ ನಿನ್ನ ಪಕ್ಕ ನಿಲ್ಲುತ್ತೇನೆ, ಚಿಪ್ ಕೊಟ್ಟವನು ನಾನೇ ತಾನೇ ಎಂದ ತಮ್ಮ. ಮುಂದಿನ ವಾರ ಎಂದೆ. ಆ ವಾರ ಜ್ವರ ಎಂದೆ. ಕೊನೆಗೊಂದು ದಿನ ಅವನಿಗೆ ಹೇಳದೆ ಒಬ್ಬಳೇ ಬಸ್ಸು ಹತ್ತಿ ಹೋದೆ. ಗಿರಣಿಯ ಬಾಗಿಲಲ್ಲಿ ಚಕ್ಕಡಿಗಳ ಸಾಲು ನಿಂತಿತ್ತು. ಒಬ್ಬ ರೈತ, ಯಾರು ಬೇಕಾಗಿತ್ರಿ ಅಕ್ಕಾರ ಎಂದು ಕೇಳಿದ. ಯಾರೂ ಇಲ್ಲ ಎಂದು ತಿರುಗಿ ಬಂದೆ. ಮತ್ತೆ ಹೋಗಲಿಲ್ಲ. ಚಾಚಾ ಕೊರ್ಲಹಳ್ಳಿಯಲ್ಲೇ ತೀರಿಕೊಂಡರು. ಗಿರಣಿಯಲ್ಲಿ ಅವರ ಹೆಸರು ಬಂದರೆ ಹೊಸ ಹಮಾಲರು ಹೆಬ್ಬೆರಳು ತೋರಿಸಿ ನಗುತ್ತಿದ್ದರಂತೆ.

ತಮ್ಮ ಆಮೇಲೆ ಒಬ್ಬನೇ ಓದುತ್ತಿದ್ದ. ಕಾರ್ಡನ್ನು ಬೋರಲು ಹಾಕಿ, ಪೆಟ್ಟಿಗೆಯ ಗುರುತನ್ನು ಚೀಟಿಯ ಮೇಲೆ ಬರೆದುಕೊಂಡು, ಅದಾದ ಮೇಲೆ ಕಾರ್ಡು ತಿರುವುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ನಾನು ಅಡುಗೆ ಮನೆಯಲ್ಲಿ ಪೆಟ್ಟಿಗೆಯ ಗುಂಡಿಯ ಸದ್ದಿಗೆ ಕಿವಿಗೊಟ್ಟು ಕೂರುತ್ತಿದ್ದೆ.

ಈಗ ಆ ಗಿರಣಿಯೂ ಇಲ್ಲ, ಸಾಲೂ ಇಲ್ಲ. ಆದರೆ ಅಂದು ಡಂಬಳದಿಂದ, ಸುತ್ತಲಿನ ಊರುಗಳಿಂದ ಅಂಡಗಿ ಹೇರಿಕೊಂಡು ಬಂದವರು, ಅವರ ಮಕ್ಕಳು ಇದ್ದೇ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ, ಓದಲು ಬಾರದವರಿಗೆ ಓದಿ ಹೇಳಲಿ. ನಿಮ್ಮ ಹತ್ತಿಯ ತೂಕ ಹೋದದ್ದು ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ, ನನ್ನ ಕೈಯಿಂದ. ಆ ಹಲಗೆಯ ಕೆಳಗೆ ಚಾಚಾ ಕಾಲು ಇಟ್ಟಿರಲಿಲ್ಲ.